ಬಂಡೆಗೆ ಹೋಗದ ಮೊಲ

ಒಂದು ಕಾಡಿನ ನಡುವೆ ಗುಡ್ಡವೊಂದಿತ್ತು. ಗುಡ್ಡದ ನೆತ್ತಿಯಲ್ಲಿ ಅಗಲವಾದ ಹಾಸುಬಂಡೆ. ಬಂಡೆಯ ಮೇಲೆ ಬೇಸಿಗೆಯಲ್ಲೂ ಬತ್ತದ ನೀರಿನ ದೊಣೆ. ಅಲ್ಲಿಗೆ ಹತ್ತಲು ಇದ್ದದ್ದು ಒಂದೇ ದಾರಿ. ಅದೂ ಮುಳ್ಳುಪೊದೆಗಳ ನಡುವೆ ಸುತ್ತಿ ಸುತ್ತಿ ಹೋಗುವ ಇಕ್ಕಟ್ಟಾದ ದಾರಿ.

ಆ ದಾರಿ ಮಾಡಿದವನು ಕಾಡಿನ ಒಡೆಯ. ಕಾಡನ್ನು ಸೃಷ್ಟಿ ಮಾಡಿದವನೂ ಅವನೇ. ಬಹಳ ಹಿಂದೆ ಹಳ್ಳವೂ ಬತ್ತಿ, ಗುಡ್ಡದ ತುಂಬ ಮುಳ್ಳು ಬೆಳೆದು, ಬಂಡೆಯ ನೀರು ಯಾರಿಗೂ ಸಿಗದೆ ಪ್ರಾಣಿಗಳು ಸಾಯುತ್ತಿದ್ದವು. ಆಗ ಒಡೆಯನೇ ಇಳಿದು ಬಂದು ಬರಿಗೈಯಲ್ಲಿ ಮುಳ್ಳು ಕಿತ್ತು ದಾರಿ ಬಿಡಿಸಿದ. ಅವನ ಅಂಗೈಗಳು ಹರಿದು ನೆತ್ತರು ಸುರಿಯಿತು. ದಾರಿ ಮುಗಿಯುವ ಹೊತ್ತಿಗೆ ಅವನ ಪ್ರಾಣವೂ ಹೋಯಿತು. ಮೂರನೆಯ ದಿನ ಬೆಳಗ್ಗೆ ನೋಡಿದರೆ ಅವನು ಬಂಡೆಯ ಮೇಲೆ ಜೀವಂತನಾಗಿ ನಿಂತಿದ್ದ. ಹಿರಿಯ ಪ್ರಾಣಿಗಳು ಇದನ್ನು ಕಿರಿಯರಿಗೆ ಹೇಳುತ್ತಲೇ ಇದ್ದವು.

ಹೊರಟು ಹೋಗುವಾಗ ಒಡೆಯ ಒಂದು ಮಾತು ಹೇಳಿದ್ದ. "ದಿನಾ ಬೆಳಗ್ಗೆ ಇಲ್ಲಿಗೆ ಬನ್ನಿ. ನಾನು ಕಾಣದಿದ್ದರೂ ನನ್ನ ದನಿ ಕೇಳುತ್ತದೆ. ಒಂದು ದಿನ ನಿಮ್ಮೆಲ್ಲರನ್ನೂ ಮೇಲಕ್ಕೆ ಕರೆಯುತ್ತೇನೆ. ಅದು ಯಾವ ದಿನ ಎಂದು ಈಗ ಹೇಳುವುದಿಲ್ಲ. ಕರೆದಾಗ ತಡಮಾಡಬೇಡಿ."

ಆ ಕಾಡಿನಲ್ಲಿ ಕೆಂಚಿ ಎಂಬ ಜಿಂಕೆಯೂ ತುಂಬೆ ಎಂಬ ಮೊಲವೂ ಗೆಳತಿಯರಾಗಿದ್ದವು. ಎರಡೂ ಮೇಯುತ್ತಿದ್ದದ್ದು ಒಂದೇ ಹುಲ್ಲುಗಾವಲಿನಲ್ಲಿ. ಹದ್ದು ಸುಳಿದರೆ ಕೆಂಚಿ ಕಾಲು ಕುಟ್ಟಿ ತುಂಬೆಯನ್ನು ಎಚ್ಚರಿಸುತ್ತಿತ್ತು. ಕೆಂಚಿಯ ಕಿವಿಗೆ ಉಣುಗು ಕಚ್ಚಿಕೊಂಡರೆ ತುಂಬೆ ಹಲ್ಲಿನಿಂದ ಮೆಲ್ಲಗೆ ಕಿತ್ತು ತೆಗೆಯುತ್ತಿತ್ತು. ಮೊದಮೊದಲು ಎರಡೂ ಬೆಳಗ್ಗೆ ಜೊತೆಯಾಗಿಯೇ ಬಂಡೆಗೆ ಹೋಗುತ್ತಿದ್ದವು. ಎಲ್ಲರಿಗಿಂತ ಮುಂದೆ ಹಿರಿಯ ಕಡವೆ ನಡೆಯುತ್ತಿತ್ತು. ಅದನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು.

ಬಂಡೆಯ ಮೇಲೆ ದೊಡ್ಡದೇನೂ ನಡೆಯುತ್ತಿರಲಿಲ್ಲ. ಎಲ್ಲರೂ ನೀರು ಕುಡಿದು ಸುಮ್ಮನೆ ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಡೆಯನ ದನಿ ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಿತ್ತು. ಒಮ್ಮೊಮ್ಮೆ ಒಂದೆರಡು ಮಾತು. "ಕೆಂಚಿ, ನಿನ್ನೆ ನವಿಲಿನ ಮೇಲೆ ಸಿಟ್ಟು ಮಾಡಿದೆ. ಹೋಗಿ ಮಾತಾಡಿಸು," ಎಂದು ಹೇಳಿದ್ದೂ ಉಂಟು. ಎಷ್ಟೋ ದಿನ ಹೆಸರಿನ ಹೊರತು ಬೇರೇನೂ ಕೇಳುತ್ತಿರಲಿಲ್ಲ. ಸುಮ್ಮನೆ ಕೂತು, ಸುಮ್ಮನೆ ಇಳಿದು ಬರುತ್ತಿದ್ದರು.

ತುಂಬೆಗೆ ಮರಿಗಳಾದವು. ಆಗಿನಿಂದ ಅದು ಬಂಡೆಗೆ ಹೋಗುವುದನ್ನು ಬಿಟ್ಟಿತು.

"ಮರಿಗಳನ್ನು ಬಿಟ್ಟು ಹೇಗೆ ಬರಲಿ? ಸ್ವಲ್ಪ ದೊಡ್ಡವಾಗಲಿ," ಎಂದಿತು. ಮರಿಗಳು ದೊಡ್ಡವಾಗಿ ತಮ್ಮ ಪಾಡಿಗೆ ಬೇರೆ ಕಡೆ ಹೋದವು. "ಈಗ ಮಳೆ. ದಾರಿ ಜಾರುತ್ತದೆ," ಎಂದಿತು. ಮಳೆ ಮುಗಿಯಿತು. "ಈಗ ಎಳೆ ಹುಲ್ಲು ಬಂದಿದೆ. ಬೆಳಗ್ಗೆ ಇಬ್ಬನಿ ಆರುವ ಮೊದಲೇ ತಿಂದರೆ ರುಚಿ," ಎಂದಿತು. ತುಂಬೆ ಕೆಟ್ಟ ಪ್ರಾಣಿಯಲ್ಲ. ಒಡೆಯನ ಮೇಲೆ ಅದಕ್ಕೆ ಬೇಸರವೂ ಇರಲಿಲ್ಲ. ಹೋಗಬೇಕು ಎಂದು ದಿನಾ ಅಂದುಕೊಳ್ಳುತ್ತಿತ್ತು. ಹೋಗುತ್ತಿರಲಿಲ್ಲ, ಅಷ್ಟೇ.

ಹೀಗೆ ಅಂದುಕೊಂಡು ಹೋಗದೆ ಉಳಿದವರು ಕಾಡಿನಲ್ಲಿ ಬಹಳ ಮಂದಿ ಇದ್ದರು. ಕಾಡುಹಂದಿ, ಕಾಡುಕೋಳಿ, ಮುಂಗುಸಿ, ಕೆಂದಳಿಲು. ಅವರ ಮನಸ್ಸಿನ ಮೂಲೆಯಲ್ಲಿ ಸಣ್ಣ ಅಳುಕಿತ್ತು. ಅದು ಒಂದು ನರಿಗೆ ತಿಳಿಯಿತು.

ನರಿ ಒಂದು ಬೆಳಗ್ಗೆ ಹುಲ್ಲುಗಾವಲಿಗೆ ಬಂದು ವಿನಯದಿಂದ ಕೂತಿತು.

"ನಿಮಗೆಲ್ಲ ಎಷ್ಟು ಕೆಲಸ, ಪಾಪ," ಎಂದಿತು. "ನನಗೆ ಸಂಸಾರವಿಲ್ಲ, ತಾಪತ್ರಯವಿಲ್ಲ. ನಿಮ್ಮೆಲ್ಲರ ಪರವಾಗಿ ನಾನೇ ದಿನಾ ಬಂಡೆಗೆ ಹೋಗುತ್ತೇನೆ. ಒಡೆಯ ಹೇಳಿದ್ದನ್ನು ಕೇಳಿಕೊಂಡು ಬಂದು ನಿಮಗೆ ಹೇಳುತ್ತೇನೆ. ಕರೆ ಬಂದ ದಿನ ನಾನೇ ಮುಂದೆ ನಿಂತು ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ."

"ಹಾಗೆ ಆಗುತ್ತದೆಯೇ, ನರಿಯಣ್ಣ?" ಎಂದು ತುಂಬೆ ಕೇಳಿತು.

"ಏಕೆ ಆಗಬಾರದು? ಒಡೆಯನಿಗೆ ನಿಮ್ಮ ಮನಸ್ಸು ಗೊತ್ತಿಲ್ಲವೇ? ಹೋಗಿ ಬರುವ ಆಯಾಸಕ್ಕೆ ನನಗೆ ಒಂದಿಷ್ಟು ತಿನ್ನಲು ಇಟ್ಟರೆ ಸಾಕು."

ಎಲ್ಲರಿಗೂ ಎದೆಯ ಭಾರ ಇಳಿದಂತಾಯಿತು. ಅಂದಿನಿಂದ ಹಂದಿ ಗೆಡ್ಡೆ ಅಗೆದು ತಂದಿಟ್ಟಿತು. ತುಂಬೆ ಬೋರೆಹಣ್ಣು ಆಯ್ದು ತಂದಿತು. ಕಾಡುಕೋಳಿ ತನ್ನ ಗೂಡಿನ ಮೊಟ್ಟೆಯನ್ನೇ ತಂದು ಕೊಟ್ಟಿತು.

ನರಿ ದಿನಾ ಗುಡ್ಡದ ಕಡೆ ಹೋಗುತ್ತಿದ್ದದ್ದು ನಿಜ. ಆದರೆ ಬುಡದಲ್ಲೇ ಒಂದು ಪೊಟರೆಯಿತ್ತು. ಅದರೊಳಗೆ ಹೊಕ್ಕು, ಬಿಸಿಲೇರುವ ತನಕ ಮಲಗಿ, ಎದ್ದು ಬರುತ್ತಿತ್ತು. ಬಂದು ಕಣ್ಣು ಅರೆಮುಚ್ಚಿ, ದನಿಯನ್ನು ಜೇನಿನಂತೆ ಸಣ್ಣಗೆ, ಸಿಹಿಯಾಗಿ ಮಾಡಿಕೊಂಡು ಹೇಳುತ್ತಿತ್ತು. "ಒಡೆಯ ಹೀಗೆ ಹೇಳಿದ: ನನ್ನ ಮುದ್ದು ಪ್ರಾಣಿಗಳೇ, ಎಲ್ಲವೂ ಚೆನ್ನಾಗಿದೆ. ನೆಮ್ಮದಿಯಾಗಿ ಮೇಯಿರಿ."

ದಿನಾ ಅದೇ ಮಾತು. ಕೇಳಲು ಹಿತವಾಗಿತ್ತು. ತುಂಬೆಗೆ ಕ್ರಮೇಣ ಆ ಸಿಹಿ ದನಿಯೇ ಒಡೆಯನ ದನಿ ಎನ್ನಿಸತೊಡಗಿತು. ಹಿಂದೆ ತಾನೇ ಬಂಡೆಯ ಮೇಲೆ ಕೇಳಿದ್ದ ದನಿ ಹೇಗಿತ್ತು ಎಂಬುದು ಮರೆತುಹೋಯಿತು.

ಕೆಂಚಿ ಒಂದೆರಡು ಸಲ ಹೇಳಿ ನೋಡಿತು. "ತುಂಬೆ, ನಾನು ಮೊದಲ ಬೆಳಕಿಗೇ ಹೋಗುತ್ತೇನೆ. ಬಂಡೆಯ ಮೇಲೆ ನರಿಯನ್ನು ಒಂದು ದಿನವೂ ಕಂಡಿಲ್ಲ ಕಣೇ."

"ನೀವು ಇಳಿದು ಬಂದ ಮೇಲೆ ಅದು ಹೋಗುತ್ತದೇನೋ," ಎಂದಿತು ತುಂಬೆ. "ನಿನಗೆ ಎಲ್ಲರ ಮೇಲೂ ಅನುಮಾನ."

ಅದರ ದನಿಯಲ್ಲಿ ಸ್ವಲ್ಪ ಕಹಿ ಇತ್ತು. ಗೆಳೆತನ ಕೆಡುವುದು ಬೇಡವೆಂದು ಕೆಂಚಿ ಸುಮ್ಮನಾಯಿತು. ಆಮೇಲೆ ಎಷ್ಟೋ ದಿನ ಅದು ಆ ಮಾತನ್ನೇ ಎತ್ತಲಿಲ್ಲ.

ತುಂಬೆ ಬಂಡೆಗೆ ಹೋಗುವುದನ್ನು ಬಿಟ್ಟ ಎರಡನೆಯ ವರ್ಷದ ಚಳಿಗಾಲದಲ್ಲಿ ಅಜ್ಜಿಗೆ ಮೈ ಸೋತಿತು. ಹಲ್ಲು ಸವೆದು ಹುಲ್ಲು ಅಗಿಯಲು ಆಗುತ್ತಿರಲಿಲ್ಲ. ಆದರೂ ಮೆಲ್ಲಮೆಲ್ಲನೆ ಬಂಡೆಗೆ ಹತ್ತುತ್ತಿತ್ತು. ಒಂದು ಬೆಳಗ್ಗೆ ನೀರು ಕುಡಿದು, ಬಂಡೆಯ ಮೇಲೆ ಕಾಲು ಮಡಚಿ ಕೂತು, ತಲೆ ಕೆಳಗಿಟ್ಟಿತು. ಒಡೆಯ ಅದರ ಹೆಸರು ಕರೆದದ್ದು ಕೆಂಚಿಗೂ ಕೇಳಿಸಿತು. ಅಜ್ಜಿ ಮತ್ತೆ ಏಳಲಿಲ್ಲ. ಅದರ ಮುಖ ನಿದ್ದೆ ಬಂದವರ ಮುಖದಂತೆ ಇತ್ತು.

ಸುದ್ದಿ ಕೇಳಿ ತುಂಬೆ ಬಹಳ ಅತ್ತಿತು. ಅದನ್ನು ಮರಿಯಾಗಿದ್ದಾಗಿನಿಂದ ಸಾಕಿದಂತೆ ನೋಡಿಕೊಂಡಿದ್ದು ಅಜ್ಜಿಯೇ.

"ನಾಳೆ ನಾನೂ ಬರುತ್ತೇನೆ, ಕೆಂಚಿ," ಎಂದಿತು. "ನಿಜವಾಗಿಯೂ ಬರುತ್ತೇನೆ. ನನ್ನನ್ನು ಕೂಗು."

ಕೆಂಚಿಗೆ ಆದ ಸಂತೋಷ ಹೇಳತೀರದು. ಆದರೆ ಆ ಸಂಜೆ ನರಿ ತುಂಬೆಯ ಹತ್ತಿರ ಬಂತು. "ಅಜ್ಜಿಯ ವಿಷಯ ಒಡೆಯ ನನಗೆ ಹೇಳಿದ. ಮೊಲಕ್ಕೆ ದುಃಖವಾಗಿದೆ, ಅದು ನಾಲ್ಕು ದಿನ ಮಲಗಿ ಸುಧಾರಿಸಿಕೊಳ್ಳಲಿ ಎಂದ," ಎಂದಿತು. ಒಡೆಯ ತನ್ನ ದುಃಖವನ್ನು ನೆನೆಸಿಕೊಂಡನಲ್ಲ ಎಂದು ತುಂಬೆಗೆ ಕಣ್ಣು ತುಂಬಿತು. ಬೆಳಗ್ಗೆ ಕೆಂಚಿ ಬಂದು ಮೂರು ಸಲ ಕೂಗಿತು. ತುಂಬೆಗೆ ಎಚ್ಚರವಿತ್ತು. ಆದರೂ ಪೊದೆಯೊಳಗೆ ಕಿವಿ ಮಡಚಿ ಸುಮ್ಮನೆ ಮಲಗಿತ್ತು. ಕೆಂಚಿ ಸ್ವಲ್ಪ ಹೊತ್ತು ಕಾದು ಒಂಟಿಯಾಗಿಯೇ ಹೋಯಿತು.

ಆ ಬೇಸಿಗೆ ಬಹಳ ಬಿಸಿಲು. ಹುಲ್ಲೆಲ್ಲ ಒಣಗಿ ಹಳದಿಯಾಯಿತು. ಬಿದಿರು ಒಂದಕ್ಕೊಂದು ಉಜ್ಜಿ ಕಿರುಗುಟ್ಟುತ್ತಿತ್ತು. ಒಂದು ದಿನ ನಡುಮಧ್ಯಾಹ್ನ ಎಲ್ಲರೂ ನೆರಳಿನಲ್ಲಿ ಮಲಗಿದ್ದಾಗ ಗುಡ್ಡದ ಮೇಲಿನಿಂದ ದನಿಯೊಂದು ಕೇಳಿಸಿತು. ಅದು ಸಣ್ಣ ದನಿಯಲ್ಲ, ಸಿಹಿಯಾದ ದನಿಯೂ ಅಲ್ಲ. ಮಕ್ಕಳು ಹೊಳೆಯ ಸುಳಿಯ ಹತ್ತಿರ ಹೋದಾಗ ತಾಯಿ ಕೂಗುತ್ತಾಳಲ್ಲ, ಹಾಗಿತ್ತು.

"ಏಳಿ. ಮೇಲಕ್ಕೆ ಬನ್ನಿ. ಈಗಲೇ ಬನ್ನಿ."

ಕೆಂಚಿ ನೆಗೆದು ಎದ್ದಿತು. ದಿನಾ ಕೇಳುತ್ತಿದ್ದ ದನಿ ಅದು. ಗುರುತು ಹಿಡಿಯಲು ಯೋಚಿಸಬೇಕಾಗಿರಲಿಲ್ಲ. ಅದು ಗುಡ್ಡಕ್ಕೆ ಓಡುವ ಮೊದಲು ತುಂಬೆಯ ಪೊದೆಗೆ ಓಡಿತು.

"ಏಳು ತುಂಬೆ, ಒಡೆಯ ಕರೆಯುತ್ತಿದ್ದಾನೆ."

"ನನಗೂ ಕೇಳಿಸಿತು," ಎಂದಿತು ತುಂಬೆ. "ಆದರೆ ಅದು ಒಡೆಯನಲ್ಲ. ಒಡೆಯ ಹಾಗೆ ಕೂಗುವುದಿಲ್ಲ. ಅವನ ದನಿ ಎಷ್ಟು ಮೆತ್ತಗಿರುತ್ತದೆ ಎಂದು ನರಿಯಣ್ಣ ದಿನಾ ಹೇಳಿ ತೋರಿಸುತ್ತದಲ್ಲ."

"ಅದೇ ಅವನ ದನಿ ಕಣೇ. ನನ್ನ ಮಾತು ಕೇಳು."

"ಯಾವ ಅಪಾಯವೂ ಕಾಣುತ್ತಿಲ್ಲವಲ್ಲ. ನರಿಯಣ್ಣ ಬರಲಿ, ಕೇಳಿಕೊಂಡು ಬರುತ್ತೇನೆ. ನೀನು ಮುಂದೆ ನಡೆ."

ಆ ಹೊತ್ತಿಗೆ ಆಕಾಶ ತಿಳಿಯಾಗಿಯೇ ಇತ್ತು. ಮೇಲಿನಿಂದ ದನಿ ಮತ್ತೆ ಕೂಗಿತು. ಕೆಂಚಿ ತುಂಬೆಯ ಬೆನ್ನಿಗೆ ಮೂತಿಯಿಟ್ಟು ತಳ್ಳಿ ನೋಡಿತು. ತುಂಬೆ ಅಲುಗಲಿಲ್ಲ. ಕೆಂಚಿಗೆ ಬೇರೆ ದಾರಿ ಉಳಿಯಲಿಲ್ಲ. ಹಿಂತಿರುಗಿ ನೋಡುತ್ತ ನೋಡುತ್ತ ಗುಡ್ಡ ಹತ್ತಿತು. ದಿನಾ ಬರುತ್ತಿದ್ದ ನವಿಲು, ಮುಳ್ಳುಹಂದಿ, ಎರಡು ಕಾಡೆಮ್ಮೆಗಳು ಆಗಲೇ ಬಂಡೆಯ ಮೇಲಿದ್ದವು.

ಕೆಂಚಿ ಬಂಡೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಕಾಡಿನ ಅಂಚಿನಲ್ಲಿ ಹೊಗೆ ಎದ್ದಿತು. ಗಾಳಿ ತಿರುಗಿತು. ಒಣ ಬಿದಿರಿಗೆ ಹಿಡಿದ ಬೆಂಕಿ ಹುಲ್ಲುಗಾವಲಿನ ಕಡೆಗೆ ನುಗ್ಗಿ ಬಂತು.

ಕೆಳಗೆ ಎಲ್ಲರೂ ಗುಡ್ಡದ ಬುಡಕ್ಕೆ ಓಡಿ ನರಿಯನ್ನು ಕೂಗಿದರು.

"ನರಿಯಣ್ಣ, ಒಡೆಯ ಏನು ಹೇಳಿದ?" ಎಂದು ಹಂದಿ ಕೇಳಿತು.

ನರಿ ಪೊಟರೆಯಿಂದ ಹೊರಗೆ ಬಂದು ಬೆಂಕಿಯನ್ನು ನೋಡಿತು.

"ನಮ್ಮನ್ನು ಬಂಡೆಗೆ ಕರೆದುಕೊಂಡು ಹೋಗು," ಎಂದಿತು ಕಾಡುಕೋಳಿ. "ನೀನೇ ಮುಂದೆ ನಡೆಯುತ್ತೇನೆ ಅಂದಿದ್ದೆಯಲ್ಲ."

"ನನಗೆ ದಾರಿ ಗೊತ್ತಿಲ್ಲ," ಎಂದಿತು ನರಿ.

ಯಾರಿಗೂ ಅರ್ಥವಾಗಲಿಲ್ಲ. "ದಿನಾ ಹೋಗುತ್ತಿದ್ದೆಯಲ್ಲ?" ಎಂದು ತುಂಬೆ ಕೇಳಿತು.

"ಒಂದು ದಿನವೂ ಹೋಗಿಲ್ಲ. ಇಲ್ಲೇ ಮಲಗಿರುತ್ತಿದ್ದೆ. ಅವನ ದನಿಯನ್ನು ನಾನು ಕೇಳಿಯೇ ಇಲ್ಲ."

ತುಂಬೆ ನರಿಯ ಮುಖವನ್ನೇ ನೋಡಿತು. ಅಷ್ಟರಲ್ಲಿ ನರಿ ಎಲ್ಲರನ್ನೂ ಅಲ್ಲೇ ಬಿಟ್ಟು ಹಳ್ಳದ ಕಡೆಗೆ ಓಡಿಹೋಯಿತು. ಹಂದಿ ಒಂದು ಕಡೆ ನುಗ್ಗಿತು, ಮುಂಗುಸಿ ಒಂದು ಕಡೆ. ಕಾಡುಕೋಳಿ ತನ್ನ ಗೂಡಿನ ಹತ್ತಿರಕ್ಕೆ ಹಿಂದಿರುಗಿತು. ತುಂಬೆ ಮಾತ್ರ ಗುಡ್ಡದ ದಾರಿ ಹುಡುಕಿಕೊಂಡು ಮುಳ್ಳುಪೊದೆಗಳ ನಡುವೆ ನುಸುಳಿತು.

ಹೊಗೆಯೊಳಗೆ ಏನೂ ಕಾಣುತ್ತಿರಲಿಲ್ಲ. ಹಿಂದೆ ಎಂದೋ ಬಂದಿದ್ದ ದಾರಿ. ಪೊದೆಗಳು ಬೆಳೆದು ಗುರುತೆಲ್ಲ ಬದಲಾಗಿತ್ತು. ತುಂಬೆ ನಿಂತು ಕೂಗಿತು.

"ಕೆಂಚಿ, ದಾರಿ ಯಾವ ಕಡೆ?"

ಮೇಲೆ ಬಂಡೆಯ ಅಂಚಿನಲ್ಲಿ ನಿಂತಿದ್ದ ಕೆಂಚಿಗೆ ಆ ದನಿ ಕೇಳಿಸಿತು. ಅದು ಕೆಳಗೆ ಓಡಿತು. ಆದರೆ ಮೊದಲ ತಿರುವಿನಲ್ಲೇ ಉರಿಯುವ ಬಿದಿರು ಮುರಿದು ದಾರಿಗೆ ಅಡ್ಡ ಬಿದ್ದಿತ್ತು. ಮೂತಿ ಸುಟ್ಟುಕೊಂಡು ಹಿಂದೆ ಸರಿಯಬೇಕಾಯಿತು. ಅಲ್ಲಿಂದಲೇ ಕೂಗಿತು.

"ಹೊನ್ನೆ ಮರದ ಹತ್ತಿರ ಎಡಕ್ಕೆ ತಿರುಗು, ತುಂಬೆ."

"ಹೊನ್ನೆ ಮರ ಯಾವುದು?"

"ಅದೇ ಕಣೇ, ನಾವು ದಿನಾ..." ಎಂದು ಶುರು ಮಾಡಿದ ಕೆಂಚಿಗೆ ಮಾತು ಅಲ್ಲೇ ನಿಂತಿತು. ತುಂಬೆ ಎರಡು ವರ್ಷದಿಂದ ಆ ದಾರಿಯಲ್ಲಿ ಬಂದಿರಲಿಲ್ಲ. "ತೊಗಟೆ ಕಪ್ಪಗಿರುವ ಮರ. ಬುಡದಲ್ಲಿ ಹುತ್ತ ಇದೆ. ಕಾಲಿಗೆ ತಾಗುತ್ತದೆ ನೋಡು."

"ಎಲ್ಲ ಮರವೂ ಕಪ್ಪಗಿದೆ, ಕೆಂಚಿ. ಏನೂ ಕಾಣುತ್ತಿಲ್ಲ."

"ನನ್ನ ದನಿ ಹಿಡಿದು ಬಾ."

"ಬರುತ್ತಿದ್ದೇನೆ. ನೀನು ಮಾತಾಡುತ್ತಾ ಇರು."

ಕೆಂಚಿ ಗಂಟಲು ಹರಿಯುವ ತನಕ ಕೂಗಿತು. ಸ್ವಲ್ಪ ಹೊತ್ತು ಕೆಳಗಿನಿಂದ ಉತ್ತರ ಬರುತ್ತಿತ್ತು. ಒಮ್ಮೆ ಹತ್ತಿರ, ಒಮ್ಮೆ ದೂರ. "ಒಡೆಯನೇ," ಎಂದು ತುಂಬೆ ಒಂದು ಸಲ ಕರೆದದ್ದೂ ಕೇಳಿಸಿತು. ಆಮೇಲೆ ಉತ್ತರ ಬರಲಿಲ್ಲ. ಆದರೂ ಕೆಂಚಿ ಕೂಗುತ್ತಲೇ ಇತ್ತು.

ಬೆಂಕಿ ಬಂಡೆಯ ಸುತ್ತ ಉರಿದು, ಬರಿಗಲ್ಲಿನ ಮೇಲೆ ಹತ್ತಲಾರದೆ ಇಳಿಯಿತು. ಸಂಜೆಯ ಹೊತ್ತಿಗೆ ಕೆಂಚಿ ದೊಣೆಯ ಹತ್ತಿರ ಬಂದು ಕುಸಿದು ಕೂತಿತು.

"ಒಡೆಯನೇ, ಅವಳನ್ನು ಹೆಸರು ಹಿಡಿದು ಕರೆಯಬಾರದಿತ್ತೇ?" ಎಂದಿತು.

"ದಿನಾ ಬೆಳಗ್ಗೆ ಕರೆದೆ," ಎಂದಿತು ದನಿ. "ಅವಳ ಹೆಸರು ಹಿಡಿದೇ ಕರೆದೆ."

ಒಡೆಯ ಅಳುತ್ತಿದ್ದಾನೆ ಎಂದು ಕೆಂಚಿಗೆ ತಿಳಿಯಿತು. ಅದೂ ತಲೆ ತಗ್ಗಿಸಿ ಅತ್ತಿತು.

ಮರುದಿನ ನೆಲ ತಣ್ಣಗಾದ ಮೇಲೆ ಕೆಂಚಿ ಕೆಳಗೆ ಇಳಿಯಿತು. ಹೊನ್ನೆ ಮರದಿಂದ ಹತ್ತು ಹೆಜ್ಜೆ ಬಲಕ್ಕೆ, ಒಂದು ಕಲ್ಲಿನ ಸಂದಿಯಲ್ಲಿ ತುಂಬೆ ಸಿಕ್ಕಿತು. ಮೈ ಸುಟ್ಟಿರಲಿಲ್ಲ. ಹೊಗೆ ಕುಡಿದು ಸತ್ತಿತ್ತು. ಮುಖ ಗುಡ್ಡದ ಮೇಲ್ಭಾಗಕ್ಕೆ ತಿರುಗಿತ್ತು. ಪಾದಗಳ ತುಂಬ ಮುಳ್ಳು ಚುಚ್ಚಿದ್ದವು. ಕೆಂಚಿ ಒಂದೊಂದೇ ಮುಳ್ಳನ್ನು ಹಲ್ಲಿನಿಂದ ಕಿತ್ತು ತೆಗೆಯಿತು. ಅದರಿಂದ ಇನ್ನು ಯಾವ ಪ್ರಯೋಜನವೂ ಇಲ್ಲವೆಂದು ಗೊತ್ತಿತ್ತು. ಆದರೂ ಎಲ್ಲವನ್ನೂ ತೆಗೆಯಿತು. ಆಮೇಲೆ ಬಿಸಿ ಆರಿದ ಮಣ್ಣನ್ನು ಕಾಲಿನಿಂದ ಕೆರೆದು ಅದರ ಮೇಲೆ ಹಾಕಿತು.

ನೀರು ಕುಡಿಯಲು ಹಳ್ಳಕ್ಕೆ ಹೋದಾಗ ಕೆಸರಿನಲ್ಲಿ ನರಿ ಬಿದ್ದಿತ್ತು. ನಾಲ್ಕು ಪಾದಗಳೂ ಸುಟ್ಟಿದ್ದವು. ಹೊಗೆಯಿಂದ ಗಂಟಲು ಒಣಗಿ ದನಿ ಒಡೆದಿತ್ತು. ಕೆಂಚಿಗೆ ಅದನ್ನು ನೋಡುವುದಕ್ಕೂ ಮನಸ್ಸಿರಲಿಲ್ಲ. ನೀರು ಕುಡಿದು ಹಿಂದಿರುಗುವಾಗ ನರಿ ಕರೆಯಿತು.

"ಕೆಂಚಿ, ನಾಳೆ ಬಂಡೆಗೆ ಹೋಗುತ್ತೀಯಲ್ಲ?"

"ಹೋಗುತ್ತೇನೆ."

"ನನ್ನ ಪರವಾಗಿ ಒಡೆಯನಿಗೆ ಒಂದು ಮಾತು ಹೇಳು. ತಪ್ಪಾಯಿತು ಅಂತ ಹೇಳು. ನನಗೆ ನಡೆಯಲು ಆಗುವುದಿಲ್ಲ."

ಕೆಂಚಿ ನಿಂತಿತು. ತುಂಬೆಯ ಪಾದದ ಮುಳ್ಳುಗಳು ಅದರ ಕಣ್ಣ ಮುಂದೆ ಬಂದವು. ಒದ್ದು ಹೋಗಿಬಿಡಬೇಕು ಎನ್ನಿಸಿತು. ಆದರೂ ಹತ್ತಿರ ಬಂದು ಕೂತಿತು.

"ನಾನು ಹೇಳಬಹುದು, ನರಿಯಣ್ಣ. ಆದರೆ ಅವನು ನಿನ್ನ ಬಾಯಿಂದ ಕೇಳಬೇಕು ಅಂತ ಕಾಯುತ್ತಿರುತ್ತಾನೆ. ಇಲ್ಲಿಂದಲೇ ಹೇಳು. ಅವನಿಗೆ ಕೇಳಿಸುತ್ತದೆ."

ನರಿ ಬಾಯಿ ತೆರೆಯಿತು. ಅದರ ಕಣ್ಣಿನಿಂದ ನೀರು ಇಳಿಯಿತು.

"ಹೇಗೆ ಶುರು ಮಾಡಬೇಕು ಅಂತಲೇ ಗೊತ್ತಾಗುತ್ತಿಲ್ಲ," ಎಂದಿತು. "ಎರಡು ವರ್ಷ ಅವನ ಹೆಸರಿನಲ್ಲಿ ಮಾತಾಡಿದೆ. ಅವನ ಜೊತೆ ಒಂದು ದಿನವೂ ಮಾತಾಡಿಲ್ಲ."

"ಗೊತ್ತಿಲ್ಲ ಅಂತಲೇ ಹೇಳು," ಎಂದಿತು ಕೆಂಚಿ.

ನರಿ ಮೂತಿಯನ್ನು ಗುಡ್ಡದ ಕಡೆಗೆ ತಿರುಗಿಸಿತು. ಅದರ ತುಟಿ ಸ್ವಲ್ಪ ಹೊತ್ತು ಅಲುಗುತ್ತಿತ್ತು. ಏನಾದರೂ ಹೇಳಿತೋ, ಹೇಳಲು ಪ್ರಯತ್ನ ಮಾತ್ರ ಮಾಡಿತೋ, ಪಕ್ಕದಲ್ಲಿದ್ದ ಕೆಂಚಿಗೂ ಕೇಳಿಸಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅದರ ಉಸಿರು ನಿಂತಿತು.

ಮರುದಿನ ಬೆಳಗ್ಗೆ ಕೆಂಚಿ ಎದ್ದು ಬಂಡೆಗೆ ಹೊರಟಿತು. ದಾರಿಯ ಎರಡೂ ಕಡೆ ಬರೀ ಬೂದಿ. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಹೊಸ ಮಣ್ಣು ಹಾಕಿದ್ದ ಜಾಗದ ಹತ್ತಿರ ಅದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹೊನ್ನೆ ಮರದಿಂದ ಎಡಕ್ಕೆ ತಿರುಗಿ ಮೇಲಕ್ಕೆ ನಡೆಯಿತು.

ನೀತಿ: ನಮ್ಮ ಪ್ರಾರ್ಥನೆಯನ್ನು ಬೇರೆಯವರು ಮಾಡಿ ಮುಗಿಸಲಾರರು, ನಮ್ಮ ವಿಶ್ವಾಸವನ್ನು ಬೇರೆಯವರಿಂದ ಕಡ ತರಲಾಗದು. ಕ್ರಿಸ್ತನ ದನಿಯನ್ನು ದಿನದಿನವೂ ಕೇಳುವವರಿಗೆ ಮಾತ್ರ ಅವನು ಕರೆಯುವ ದಿನ ಆ ದನಿಯ ಗುರುತು ಸಿಗುತ್ತದೆ. ಆದ್ದರಿಂದ ನಾಳೆ ಎನ್ನದೆ ಇಂದೇ ಅವನ ಬಳಿಗೆ ಹೋಗಬೇಕು.